ಕೋವಿಯ ಕೈಪಿಡಿಗೂ ಕನ್ನಡ ಬೇಕು

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬಂದೂಕಿನ ಮಾತೇಕೆ ಎಂದು ಕೆಲವರು ಕೇಳಬಹುದು. ಬೇಲೂರಿನಲ್ಲಿ ಓದುವವರು ಬರೆಯಬೇಕಾದುದು ಶಿಲಾಬಾಲಿಕೆಯರನ್ನು ಕುರಿತು, ಹೆಚ್ಚೆಂದರೆ ವಿಷ್ಣುವರ್ಧನ ಶಾಂತಲೆಯರನ್ನು ಕುರಿತು ಎಂಬುದು ರೂಢಿಯಾಗಿ ಬಂದ ನಂಬಿಕೆ. ಆ ನಂಬಿಕೆಗೆ ನನ್ನ ವಿರೋಧವೇನೂ ಇಲ್ಲ. ಆದರೆ ನಮ್ಮ ತಾಲ್ಲೂಕಿನದೇ ಆದ ಹಲ್ಮಿಡಿಯ ಶಾಸನವನ್ನು ತರಗತಿಯಲ್ಲಿ ಓದಿದವರೆಲ್ಲ ಅದರೊಳಗಿನ ಒಂದು ಪದವನ್ನು ಜ್ಞಾಪಿಸಿಕೊಳ್ಳಬೇಕೆಂದು ಕೋರುತ್ತೇನೆ. ಕ್ರಿ.ಶ. ೪೫೦ರ ಸುಮಾರಿನದೆಂದು ವಿದ್ವಾಂಸರು ಎಣಿಸಿರುವ, ೧೯೩೬ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಆ ಕಲ್ಲು, ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನೆಂಬವನಿಗೆ ಎರಡು ಹಳ್ಳಿಗಳನ್ನು ಕೊಟ್ಟ ಸಂಗತಿಯನ್ನು ಹೇಳುತ್ತದೆ. ಆ ಕೊಡುಗೆಗೆ ಅಲ್ಲಿ ‘ಬಾಳ್ಗಳ್ಚು’ ಎಂದು ಹೆಸರು. ಬಾಳ್ ಎಂದರೆ ಕತ್ತಿ. ಕಳ್ಚು ಎಂದರೆ ತೊಳೆ. ಕಾಳಗ ಮುಗಿದ ಮೇಲೆ ಕತ್ತಿಯನ್ನು ತೊಳೆಯುವ ವಿಧಿ, ಆ ವಿಧಿಯೊಡನೆ ವೀರನಿಗೆ ಸಲ್ಲುವ ದತ್ತಿ. ನಮಗೆ ದೊರೆತಿರುವ ಅತಿ ಹಳೆಯ ಕನ್ನಡ ಶಾಸನಗಳಲ್ಲೊಂದರಲ್ಲಿ ಆಯುಧವನ್ನು ಶುಚಿಮಾಡುವ ಮಾತು ಅಚ್ಚಕನ್ನಡದಲ್ಲಿದೆ. ಹದಿನೈದು ಶತಮಾನಗಳು ಕಳೆದ ಮೇಲೆ ಅದೇ ತಾಲ್ಲೂಕಿನ ನಾವು, ಎನ್.ಸಿ.ಸಿ.ಗೆ ಸೇರಿ, ರೈಫಲ್ಲನ್ನು ಶುಚಿಮಾಡುವ ಪಾಠವನ್ನು ಹಿಂದಿಯಲ್ಲಿ ಕೇಳುತ್ತೇವೆ. ಅದರ ಪುಸ್ತಕವನ್ನು ಇಂಗ್ಲಿಷಿನಲ್ಲಿ ಓದುತ್ತೇವೆ. ಇದು ಹೀಗೆಯೇ ಇರಬೇಕೆ ಎಂಬುದೇ ಈ ಲೇಖನದ ಪ್ರಶ್ನೆ.

ಮೊದಲು ವಸ್ತುವಿನ ಪರಿಚಯವಾಗಲಿ. ನಮ್ಮ ಅಜ್ಜಂದಿರ ಕಾಲದ ಸಿಪಾಯಿಗೂ ಪೋಲೀಸಿನವನಿಗೂ ಬಂದೂಕೆಂದರೆ ‘ತ್ರೀ ನಾಟ್ ತ್ರೀ’. ನಳಿಗೆಯ ಒಳವ್ಯಾಸ ಒಂದು ಅಂಗುಲದ ಸಾವಿರ ಪಾಲಿನಲ್ಲಿ ಮುನ್ನೂರ ಮೂರು ಪಾಲಾದುದರಿಂದ ಆ ಹೆಸರು. ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಜೇಮ್ಸ್ ಪ್ಯಾರಿಸ್ ಲೀ ಎಂಬಾತನು ಕಲ್ಪಿಸಿದ ಬೋಲ್ಟು, ಇಂಗ್ಲೆಂಡಿನ ಎನ್‌ಫೀಲ್ಡ್ ಕಾರ್ಖಾನೆಯ ನಳಿಗೆ, ಇವೆರಡೂ ಕೂಡಿ ೧೮೯೫ರಲ್ಲಿ ಲೀ-ಎನ್‌ಫೀಲ್ಡ್ ರೈಫಲ್ ಬಳಕೆಗೆ ಬಂತು. ಅದರ ೧೯೦೭ರ ಮಾದರಿಯನ್ನು ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿಯೂ ತಯಾರಿಸುತ್ತಿದ್ದರು. ಎರಡು ಮಹಾಯುದ್ಧಗಳಲ್ಲಿ ಭಾರತೀಯ ಸೈನಿಕರ ಹೆಗಲ ಮೇಲಿದ್ದುದು ಈ ಮನೆತನದ ರೈಫಲ್ಲು; ೧೯೬೨ರಲ್ಲಿ ಚೀನಾದೊಡನೆ ಯುದ್ಧವಾದಾಗಲೂ ನಮ್ಮ ಜವಾನರ ಕೈಯಲ್ಲಿದ್ದುದು ಬಹುಮಟ್ಟಿಗೆ ಇದೇ. ಆಮೇಲೆ ಎಸ್.ಎಲ್.ಆರ್. ಬಂತು, ೧೯೯೦ರ ದಶಕದಲ್ಲಿ ಇನ್ಸಾಸ್ ಬಂತು. ನಾವು ವಾರ್ಷಿಕ ಶಿಬಿರದಲ್ಲಿ ಗುರಿಯಿಟ್ಟು ಹೊಡೆದದ್ದು ‘ಪಾಯಿಂಟ್ ಟೂ ಟೂ’ ಎಂಬ ಚಿಕ್ಕ ರೈಫಲ್ಲಿನಿಂದ. ಮಾದರಿ ಯಾವುದಾದರೂ ಆಗಲಿ, ಇವೆಲ್ಲಕ್ಕೂ ಶತ್ರುಗಳು ಮೂರೇ: ಕೊಳೆ, ತೇವ, ತುಕ್ಕು. ಎದುರಾಳಿಯ ಗುಂಡಿಗೆ ಮೊದಲೇ ಸಿಪಾಯಿಯನ್ನು ನಿರಾಯುಧನನ್ನಾಗಿ ಮಾಡುವವು ಇವು.

ಈ ಶತ್ರುಗಳನ್ನು ಎದುರಿಸುವ ಸಾಮಗ್ರಿ ನೋಡಿದರೆ ನಗು ಬರುವಷ್ಟು ಸರಳವಾದುದು. ಹಳೆಯ ಲೀ-ಎನ್‌ಫೀಲ್ಡಿನಲ್ಲಿ ಹೆಗಲಿಗೆ ಆನಿಸುವ ಮರದ ಭಾಗದ ಹಿಂಬದಿಗೆ ಒಂದು ಚಿಕ್ಕ ಮುಚ್ಚಳವುಂಟು. ಅದನ್ನು ತೆರೆದರೆ ಒಳಗೆ ಒಂದು ಎಣ್ಣೆಯ ಬುಡ್ಡಿ, ‘ಪುಲ್-ಥ್ರೂ’ ಎಂಬ ಒಂದು ಹುರಿ. ಹುರಿಯ ಒಂದು ತುದಿಗೆ ಹಿತ್ತಾಳೆಯ ತೂಕ. ಇನ್ನೊಂದು ಕಡೆಗೆ ಬಟ್ಟೆ ಸಿಕ್ಕಿಸುವ ಕುಣಿಕೆ. ಆ ಬಟ್ಟೆಗೆ ಸಿಪಾಯಿಗಳ ಬಾಯಲ್ಲಿ ‘ಚಿಂದಿ’ ಎಂದು ಹೆಸರು. ಒರೆಸುವ ಚಿಂದಿ ನಾಲ್ಕು ಅಂಗುಲ ಉದ್ದ, ಎರಡು ಅಂಗುಲ ಅಗಲ. ಎಣ್ಣೆ ಸವರುವ ಚಿಂದಿಗೆ ಅಗಲ ಒಂದೂವರೆ ಅಂಗುಲ ಮಾತ್ರ. ಇಷ್ಟನ್ನು ಕಂಠಪಾಠ ಮಾಡುವುದು ಸುಲಭ. ಅರ್ಧ ಅಂಗುಲದ ಈ ಭೇದವೇಕೆ ಎಂದು ಕೇಳಿದರೆ ಪಾಠ ಬೇರೆಯಾಗುತ್ತದೆ. ಕೊಳೆ ತೆಗೆಯಬೇಕಾದರೆ ಬಟ್ಟೆ ನಳಿಗೆಯೊಳಗೆ ಬಿಗಿಯಾಗಿ ಉಜ್ಜಿಕೊಂಡು ಹೋಗಬೇಕು; ಎಣ್ಣೆಯ ಬಟ್ಟೆಯೂ ಅಷ್ಟೇ ಬಿಗಿಯಾಗಿದ್ದರೆ ಹಚ್ಚಬೇಕಾದ ಎಣ್ಣೆಯನ್ನು ತಾನೇ ಹಿಂಡಿಕೊಂಡು ಹೊರಬರುತ್ತದೆ.

ಇಂಥ ಕಾರಣಗಳು ಪ್ರತಿಯೊಂದು ನಿಯಮದ ಹಿಂದೆಯೂ ಅಡಗಿವೆ. ಹುರಿಯನ್ನು ಗುಂಡು ತುಂಬುವ ಕಡೆಯಿಂದ ಇಳಿಬಿಟ್ಟು ಬಾಯಿಯ ಕಡೆಯಿಂದ ನೆಟ್ಟಗೆ ಎಳೆಯಬೇಕು. ಓರೆಯಾಗಿ ಎಳೆದರೆ ಹುರಿಯು ನಳಿಗೆಯ ಬಾಯಂಚಿಗೆ ತಾಗಿ, ದಿನಕ್ಕಿಷ್ಟಿಷ್ಟೆಂದು ಉಕ್ಕನ್ನೇ ಸವೆಸುತ್ತದೆ. ನಮ್ಮ ಹಳೆಯ ಬಾವಿಗಳ ಕಟ್ಟೆಯ ಕಲ್ಲಿನಲ್ಲಿ ಹಗ್ಗದ ಗೀರುಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಾಯಿ ಸವೆದ ಬಂದೂಕಿಗೆ ಗುರಿ ನಿಲ್ಲುವುದಿಲ್ಲ. ಹಾಗೆಯೇ, ಹತ್ತು ಮಂದಿ ಒಟ್ಟಿಗೆ ಕುಳಿತು ಶುಚಿಮಾಡುವಾಗ ಒಬ್ಬನ ಬೋಲ್ಟು ಇನ್ನೊಬ್ಬನ ರೈಫಲ್ಲಿಗೆ ಹೋಗಬಾರದು. ಅದಕ್ಕಾಗಿಯೇ ಎರಡರ ಮೇಲೂ ಒಂದೇ ಸಂಖ್ಯೆಯನ್ನು ಒತ್ತಿರುತ್ತಾರೆ. ಪ್ರತಿ ಬೋಲ್ಟನ್ನೂ ಅದರ ನಳಿಗೆಗೆ ಹೊಂದಿಸಿ ಕೂಡಿಸಿರುವುದರಿಂದ, ಅದಲುಬದಲಾದರೆ ತೋಟಾದ ಹಿಂದೆ ಇರಬೇಕಾದ ಸಂದು ಹೆಚ್ಚುಕಡಮೆಯಾಗಿ, ಹೊಡೆಯುವವನ ಮುಖಕ್ಕೇ ಅಪಾಯವಾಗಬಹುದು.

ಇನ್ನೊಂದು ನಿಯಮವಂತೂ ರಸಾಯನಶಾಸ್ತ್ರದ ಪಾಠವೇ ಸರಿ. ಹಳೆಯ ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಎಂಬ ಲವಣವಿರುತ್ತಿತ್ತು. ಹಾರಿಸಿದ ಮೇಲೆ ಅದು ಪೊಟ್ಯಾಸಿಯಂ ಕ್ಲೋರೈಡಾಗಿ, ಅಡಿಗೆಯ ಉಪ್ಪಿನ ತಮ್ಮನಂತೆ, ನಳಿಗೆಯೊಳಗೆ ಅಂಟಿ ಕೂರುತ್ತಿತ್ತು. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ತೇವವು ತುಕ್ಕನ್ನು ಕರೆಯುತ್ತದೆ. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಆದುದರಿಂದ ಗುಂಡು ಹಾರಿಸಿದ ಮೇಲೆ ನಳಿಗೆಗೆ ಕುದಿಯುವ ನೀರು ಹೊಯ್ಯಬೇಕೆಂದು ಆ ಕಾಲದ ಪುಸ್ತಕಗಳು ವಿಧಿಸಿದವು. ಕುದಿಯುವ ನೀರಾದರೆ ಉಕ್ಕು ಬಿಸಿಯಾಗಿ ತಾನೇ ಬೇಗ ಒಣಗುತ್ತದೆ. ಕಾರಣ ತಿಳಿಯದವನಿಗೆ ಇದು ವಿಚಿತ್ರವಾಗಿ ಕಾಣುತ್ತದೆ: ತುಕ್ಕು ಹಿಡಿಯದಿರಲೆಂದು ಕಬ್ಬಿಣಕ್ಕೆ ನೀರು ಹೊಯ್ಯುವುದೆ? ಅಂಥವನು ನೀರನ್ನು ಬಿಟ್ಟು ಎಣ್ಣೆಯನ್ನೇ ಎರಡು ಪಟ್ಟು ಸುರಿಯುತ್ತಾನೆ. ಎಣ್ಣೆಯ ಕೆಳಗೆ ಉಪ್ಪು ತನ್ನ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ. ಈಚಿನ ತೋಟಾಗಳಲ್ಲಿ ಆ ಲವಣವಿಲ್ಲ. ಆದುದರಿಂದ ಬಿಸಿನೀರಿನ ನಿಯಮವೂ ಬೇಕಾಗಿಲ್ಲ. ನಿಯಮವನ್ನು ಯಾವಾಗ ಪಾಲಿಸಬೇಕು, ಯಾವಾಗ ಬಿಡಬಹುದು ಎಂಬುದು ಕಾರಣ ಬಲ್ಲವನಿಗೆ ಮಾತ್ರ ಗೊತ್ತಾಗುತ್ತದೆ.

ಇಲ್ಲಿಗೆ ನನ್ನ ಮೊದಲ ಮಾತು ಸಿದ್ಧವಾಯಿತು. ಕೈಪಿಡಿಯ ಕೆಲಸ ಬರಿಯ ಆಜ್ಞೆ ಕೊಡುವುದಾಗಿದ್ದರೆ ಯಾವ ಭಾಷೆಯಾದರೂ ಸಾಕು. ನಾಯಿಗೂ ಇಂಗ್ಲಿಷಿನಲ್ಲಿ ಕೂರುವುದನ್ನು ಕಲಿಸಬಹುದು. ‘ಸಾವಧಾನ್’ ಎಂದರೆ ನೆಟ್ಟಗೆ ನಿಲ್ಲುವುದಕ್ಕೂ ‘ವಿಶ್ರಾಮ್’ ಎಂದರೆ ಕಾಲಗಲಿಸುವುದಕ್ಕೂ ನನಗೆ ಕನ್ನಡ ಬೇಕಾಗಿಲ್ಲ. ದೇಶದ ನಾನಾ ಭಾಗಗಳವರು ಒಂದೇ ಸಾಲಿನಲ್ಲಿ ನಿಂತಾಗ ಒಂದೇ ಆಜ್ಞಾಪದವಿರುವುದೇ ಮೇಲು. ಆದರೆ ‘ಏಕೆ’ ಎಂಬ ಪ್ರಶ್ನೆಗೆ ಉತ್ತರ ಕೊಡುವ ಭಾಷೆ ಕೇಳುವವನ ಮನೆಯ ಭಾಷೆಯಾಗಿರಬೇಕು.

ನಮ್ಮೂರಿನಲ್ಲಿ ಸೈನ್ಯದಿಂದ ನಿವೃತ್ತರಾದ ಹವಾಲ್ದಾರರೊಬ್ಬರಿದ್ದಾರೆ. ಊರಿನ ಹುಡುಗರೆಲ್ಲ ಅವರನ್ನು ‘ಮಿಲಿಟ್ರಿ ಮಾವ’ ಎಂದೇ ಕರೆಯುವುದು. ಸೈನ್ಯಕ್ಕೆ ಸೇರಿದಾಗ ಅವರಿಗೆ ಕನ್ನಡವೊಂದೇ ಗೊತ್ತು. ಬಿಚ್ಚುವ, ಜೋಡಿಸುವ ಪಾಠ ಅಲ್ಲಿ ‘ಖೋಲ್‌ನಾ ಜೋಡ್‌ನಾ’. ಆ ಪಾಠವನ್ನು ಹೇಗೆ ಕಲಿತಿರಿ ಮಾವ ಎಂದು ಕೇಳಿದೆ. “ಉಸ್ತಾದ್ರು ಹೇಳಿದ್ದನ್ನ ಗಿಣಿ ಹಂಗೆ ಒಪ್ಪಿಸ್ತಿದ್ದೆ ಕಣಪ್ಪ. ಅರ್ಥ ಆಗ್ಲಿ ಬಿಡ್ಲಿ, ಬಾಯಿಗೆ ಬಂದ್ರೆ ಸಾಕಿತ್ತು. ಅರ್ಥ ಬರೋಕೆ ಆರು ತಿಂಗ್ಳು ಹಿಡೀತು” ಎಂದರು. ಅವರು ಇದನ್ನು ನಗುತ್ತ ಹೇಳಿದರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಯೋಚಿಸಿದರೆ ಅದು ನಗುವ ಮಾತಾಗಿ ತೋರಲಿಲ್ಲ. ತುಂಬಿದ ಬಂದೂಕನ್ನು ಕೈಯಲ್ಲಿ ಹಿಡಿದವನಿಗೆ ಆರು ತಿಂಗಳು ಬಹು ದೀರ್ಘಕಾಲ. ಅವರು ಬುದ್ಧಿವಂತರು, ಎಚ್ಚರಿಕೆಯುಳ್ಳವರು. ಆ ಗುಣಗಳು ಪುಸ್ತಕದ ಕೊರತೆಯನ್ನು ತುಂಬಿಕೊಟ್ಟವು. ಎಲ್ಲರಲ್ಲಿಯೂ ಅವು ಅದೇ ಅಳತೆಯಲ್ಲಿರುತ್ತವೆಂದು ನಂಬಿ ಯಾವ ಸಂಸ್ಥೆಯೂ ನಡೆಯಲಾರದು.

ಬಳಸುವವನನ್ನು ಅರಿಯದೆ ಸೂಚನೆ ಬರೆದರೆ ಏನಾಗಬಹುದೆಂಬುದಕ್ಕೆ ಚರಿತ್ರೆಯೇ ಸಾಕ್ಷಿ. ೧೮೫೩ರ ಎನ್‌ಫೀಲ್ಡ್ ರೈಫಲ್ಲಿನ ಕಾಗದದ ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕೆಂದು ಕವಾಯತಿನ ವಿಧಿಯಿತ್ತು. ತೋಟಾಕ್ಕೆ ಸವರಿದ ಕೊಬ್ಬು ದನದ್ದು, ಹಂದಿಯದ್ದು ಎಂಬ ಸುದ್ದಿ ಸಿಪಾಯಿಗಳಲ್ಲಿ ಹಬ್ಬಿತು. ಗಾಬರಿಗೊಂಡ ಅಧಿಕಾರಿಗಳು ೧೮೫೭ರ ಮೊದಲ ತಿಂಗಳುಗಳಲ್ಲಿ, ಸಿಪಾಯಿಗಳು ತಮಗೆ ಒಪ್ಪಿದ ಜಿಡ್ಡನ್ನು ತಾವೇ ಸವರಿಕೊಳ್ಳಬಹುದೆಂದೂ ಕೈಯಿಂದಲೇ ಹರಿಯಬಹುದೆಂದೂ ವಿಧಿಯನ್ನು ತಿದ್ದಿದರು. ಕಾಲ ಮಿಂಚಿತ್ತು. ಆ ವರ್ಷದ ಮಹಾಕ್ಷೋಭೆಗೆ ಕಾರಣಗಳು ನೂರಾರು. ಅವನ್ನೆಲ್ಲ ಒಂದು ತೋಟಾದ ಮೇಲೆ ಹೊರಿಸುವುದು ತಪ್ಪು. ಆದರೂ ಸಿಪಾಯಿಯ ಮನೆ, ಜಾತಿ, ನಂಬಿಕೆ ಯಾವುದನ್ನೂ ಅರಿಯದೆ ಬೇರೊಂದು ದೇಶದಲ್ಲಿ ಗೊತ್ತುಮಾಡಿದ ಒಂದು ಕ್ರಮ, ಕೂಡಿಟ್ಟ ಮದ್ದಿಗೆ ಕಿಡಿಯಾಯಿತೆಂಬುದು ಸುಳ್ಳಲ್ಲ.

ಎರಡನೆಯ ದೃಷ್ಟಾಂತ ಅಮೆರಿಕದ್ದು. ವಿಯೆಟ್ನಾಂ ಯುದ್ಧದಲ್ಲಿ ೧೯೬೫ರಿಂದ ಮುಂದಕ್ಕೆ ಅಲ್ಲಿನ ಸೈನಿಕರಿಗೆ ಎಂ-೧೬ ಎಂಬ ಹೊಸ ರೈಫಲ್ಲನ್ನು ಕೊಟ್ಟರು. ಇದಕ್ಕೆ ಶುಚಿಮಾಡುವ ತೊಂದರೆಯೇ ಇಲ್ಲವೆಂಬ ಮಾತು ಹೇಗೋ ಹರಡಿತು. ಶುಚಿಮಾಡುವ ಸಾಮಗ್ರಿಯೂ ಸಾಕಷ್ಟು ಹೋಗಲಿಲ್ಲ. ಮೇಲಾಗಿ ತೋಟಾದೊಳಗಿನ ಮದ್ದನ್ನು ಬದಲಿಸಿದ್ದರಿಂದ ಕೊಳೆ ಹೆಚ್ಚಾಯಿತು. ಕಾಡಿನ ತೇವದಲ್ಲಿ, ಕಾಳಗದ ನಡುವೆ, ರೈಫಲ್ಲುಗಳು ಸಿಕ್ಕಿಕೊಂಡವು. ಕೆಟ್ಟುನಿಂತ ರೈಫಲ್ಲನ್ನು ಕೈಯಲ್ಲಿ ಹಿಡಿದೇ ಸತ್ತವರುಂಟು. ೧೯೬೭ರಲ್ಲಿ ಆ ದೇಶದ ಶಾಸನಸಭೆಯ ಸಮಿತಿಯೊಂದು ವಿಚಾರಣೆ ನಡೆಸಿತು. ರೈಫಲ್ಲಿನ ಗುಂಡಿನ ಮನೆಗೆ ಕ್ರೋಮಿಯಂ ಲೇಪ ಕೊಟ್ಟರು, ಸಾಮಗ್ರಿ ಕಳಿಸಿದರು. ಅಷ್ಟಕ್ಕೆ ನಿಲ್ಲದೆ ವಿಲ್ ಐಸ್ನರ್ ಎಂಬ ಪ್ರಸಿದ್ಧ ಚಿತ್ರಕಥೆಗಾರನ ಕೈಯಿಂದ, ಮಕ್ಕಳ ಚಿತ್ರಕಥೆಯಂತೆ ಬಣ್ಣಬಣ್ಣವಾದ ಪುಟ್ಟ ಕೈಪಿಡಿಯೊಂದನ್ನು ಮಾಡಿಸಿ ೧೯೬೮-೬೯ರಲ್ಲಿ ಸೈನಿಕರಿಗೆ ಹಂಚಿದರು. ದೊಡ್ಡ ದೊಡ್ಡ ಗ್ರಂಥಗಳಿದ್ದ ಸೈನ್ಯವು ಕೊನೆಗೆ ಹದಿನೆಂಟು ಹತ್ತೊಂಬತ್ತು ವರ್ಷದ ಹುಡುಗನ ಆಡುಮಾತಿಗೆ ಇಳಿದು ಬರಬೇಕಾಯಿತು. ಅದನ್ನು ಇಳಿಯುವುದೆಂದು ಕರೆಯುವುದೂ ಸರಿಯಲ್ಲವೇನೋ. ಅರ್ಥವಾಗುವಂತೆ ಬರೆಯುವುದು ವಿದ್ಯೆಯ ಮೇಲಿನ ಮೆಟ್ಟಿಲು.

ಈ ಬೆಳಕಿನಲ್ಲಿ ನಮ್ಮ ನಾಡನ್ನು ನೋಡೋಣ. ಮೈಸೂರಿನಲ್ಲಿ ಟಿಪ್ಪೂ ಸುಲ್ತಾನನು ತನ್ನ ಸೈನ್ಯಕ್ಕಾಗಿ ‘ಫತಹುಲ್ ಮುಜಾಹಿದೀನ್’ ಎಂಬ ಕೈಪಿಡಿಯನ್ನು ಬರೆಯಿಸಿದ, ಅದು ಪಾರಸಿಯಲ್ಲಿತ್ತು. ಆಮೇಲೆ ಬಂದ ಬ್ರಿಟಿಷರ ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು. ಸಿಪಾಯಿಗೆ ಅದು ತಿಳಿಯದೆಂದು ಕಂಡಾಗ ಅವರು ರೋಮನ್ ಅಕ್ಷರದಲ್ಲಿ ಉರ್ದುವನ್ನು ಬರೆದು ಕಲಿಸಿದರು. ಸ್ವಾತಂತ್ರ್ಯ ಬಂದ ಮೇಲೆ ಆ ಸ್ಥಾನಕ್ಕೆ ಹಿಂದಿ ಬಂತು. ಪಾರಸಿ, ಇಂಗ್ಲಿಷು, ಉರ್ದು, ಹಿಂದಿ: ಬಂದೂಕನ್ನು ಹೊತ್ತ ಕನ್ನಡಿಗನ ಹೆಗಲು ಅದೇ; ಅವನಿಗೆ ಬುದ್ಧಿ ಹೇಳಿದ ಭಾಷೆ ಮಾತ್ರ ಪ್ರತಿ ಸಾರಿಯೂ ಬೇರೆಯವರದು. ಇದನ್ನು ಯಾರ ಮೇಲಿನ ದ್ವೇಷದಿಂದಲೂ ಹೇಳುತ್ತಿಲ್ಲ. ಯಾರೂ ನಮ್ಮ ಬಾಯಿ ಕಟ್ಟಿರಲಿಲ್ಲ. ಬರೆಯಬೇಕಾದವರು ನಾವು, ಬರೆಯಬೇಕೆಂಬ ಯೋಚನೆ ನಮಗೇ ಸಾಲದೆ ಹೋಯಿತು. ಕೇಂದ್ರದ ಮೀಸಲು ಪೋಲೀಸು ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಯನ್ನು ಹಿಂದಿ ಇಂಗ್ಲಿಷುಗಳಲ್ಲದೆ ಕನ್ನಡವೂ ಸೇರಿ ೧೩ ಪ್ರಾದೇಶಿಕ ಭಾಷೆಗಳಲ್ಲಿ ನಡೆಸಬೇಕೆಂದು ಕೇಂದ್ರ ಗೃಹ ಮಂತ್ರಾಲಯ ೨೦೨೩ರಲ್ಲಿ ತೀರ್ಮಾನಿಸಿತು. ೨೦೨೪ರಿಂದ ಅದು ಜಾರಿಗೆ ಬಂತು. ಬಾಗಿಲು ಕನ್ನಡದಲ್ಲಿ ತೆರೆಯಿತು. ಒಳಗೆ ಹೋದವನ ಕೈಗೆ ಕೊಡಲು ನಮ್ಮಲ್ಲಿ ಯಾವ ಪುಸ್ತಕವಿದೆ?

ಕನ್ನಡಕ್ಕೆ ಇಂಥ ಬರವಣಿಗೆಯ ಶಕ್ತಿಯಿಲ್ಲವೆಂಬುದು ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪಣೆ. ಪಂಪ ರನ್ನರನ್ನು ಓದಿದ ನಾವು ಮರೆಯುವ ಸಂಗತಿಯೊಂದುಂಟು. ಚಾವುಂಡರಾಯನು ೧೦೨೫ರ ಸುಮಾರಿಗೆ ‘ಲೋಕೋಪಕಾರ’ವನ್ನು ಬರೆದು, ನೀರಿನ ಸೆಲೆ ಹುಡುಕುವುದು, ಗಿಡಮರಗಳ ಆರೈಕೆ, ಅಡಿಗೆ, ಸುಗಂಧದ್ರವ್ಯ, ವಿಷಕ್ಕೆ ಮದ್ದು ಮೊದಲಾದವನ್ನು ಕನ್ನಡದಲ್ಲಿ ತಿಳಿಸಿದ. ಕೀರ್ತಿವರ್ಮನು ಹನ್ನೆರಡನೆಯ ಶತಮಾನದ ಸುಮಾರಿಗೆ ‘ಗೋವೈದ್ಯ’ವನ್ನು ಬರೆದ. ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಕಲಿಸಿದ. ಮುಂದೆ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಅಡಿಗೆಯ ಗ್ರಂಥವನ್ನು ರಚಿಸಿದ. ಇವರೆಲ್ಲರೂ ಕೈಪಿಡಿಕಾರರು. ಕಳೆದ ಶತಮಾನದಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ೧೯೧೮ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿ ಆ ದಾರಿಯನ್ನು ಮತ್ತೆ ತೆರೆದರು. ಹಸುವಿನ ಕಾಯಿಲೆಗೂ ಸಾರಿನ ಹದಕ್ಕೂ ಒದಗಿದ ಭಾಷೆ, ಬೋಲ್ಟಿನ ಕೊಳೆಗೆ ಒದಗದೆ?

ಪದಗಳ ಬಡತನವೂ ನಮಗಿಲ್ಲ. ಕೋವಿ, ನಳಿಗೆ, ಮದ್ದು, ಗುಂಡು, ಗುರಿ, ಕುದುರೆ ಎಂಬ ಮಾತುಗಳು ಸಕಲೇಶಪುರದ ಕಡೆಯ ತೋಟದವರ ನಾಲಗೆಯ ಮೇಲೆ ಇಂದಿಗೂ ಇವೆ. ತುಪಾಕಿ ತುರುಕರ ನಾಡಿನಿಂದ ಬಂತು. ಕಾರತೂಸು ಐರೋಪ್ಯರಿಂದ ಬಂತು. ಬಂದೂಕು ಮುಸಲ್ಮಾನರ ಕಾಲದಲ್ಲಿ ಬಂತು. ಎಲ್ಲವೂ ಕನ್ನಡವಾದವು. ಬೋಲ್ಟು, ಮ್ಯಾಗಜೀನು, ಪುಲ್-ಥ್ರೂಗಳೂ ಹಾಗೆಯೇ ನಮ್ಮವಾಗಲಿ. ಅವುಗಳಿಗೆ ನಿಘಂಟಿನಿಂದ ಸಂಸ್ಕೃತದ ಪದಗಳನ್ನು ಹೆಕ್ಕಿ ತಂದು ಸಿಪಾಯಿಯ ತಲೆಯ ಮೇಲೆ ಹೊರಿಸಬೇಕಾಗಿಲ್ಲ. ‘ಶಸ್ತ್ರದ ಆಂತರಿಕ ಶುಚೀಕರಣ ಪ್ರಕ್ರಿಯೆಯನ್ನು ಕೈಗೊಳ್ಳತಕ್ಕದ್ದು’ ಎಂದು ಬರೆದರೆ ಅದು ಕನ್ನಡ ಲಿಪಿಯಲ್ಲಿರುವ ಇನ್ನೊಂದು ಪರಭಾಷೆ. ‘ನಳಿಗೆಯ ಒಳಗನ್ನು ಒರೆಸು’ ಎಂದರೆ ಆಯಿತು.

ಇನ್ನೊಂದು ವಿಷಯವನ್ನು ಅಧ್ಯಾಪಕ ಮಹಾಶಯರ ಗಮನಕ್ಕೆ ತರಲು ಇಚ್ಛಿಸುತ್ತೇನೆ. ಕೈಪಿಡಿಗೆ ಕನ್ನಡದ ವಾಕ್ಯರಚನೆ ವಿಶೇಷವಾಗಿ ಒಗ್ಗುತ್ತದೆಂದು ನನ್ನ ಅಭಿಪ್ರಾಯ. ಇಂಗ್ಲಿಷಿನ ಸೂಚನೆಯಲ್ಲಿ ಕೆಲಸವನ್ನು ಮೊದಲು ಹೇಳಿ, ಅದಕ್ಕೂ ಮೊದಲು ಮಾಡಬೇಕಾದುದನ್ನು ಕೊನೆಗೆ ಸೇರಿಸುವುದು ಸಾಮಾನ್ಯ. ಅವಸರದಲ್ಲಿ ಓದುವವನು ಮೊದಲ ತುಂಡನ್ನು ಓದಿಯೇ ಕೈಹಾಕಿಬಿಡುತ್ತಾನೆ. ಕನ್ನಡದಲ್ಲಿ ‘ಮ್ಯಾಗಜೀನು ತೆಗೆದು, ಬೋಲ್ಟನ್ನು ಹಿಂದಕ್ಕೆಳೆದು, ನಳಿಗೆಯೊಳಗೆ ಗುಂಡಿಲ್ಲವೆಂದು ಕಣ್ಣಾರೆ ನೋಡಿ, ಆಮೇಲೆ ಬಿಚ್ಚು’ ಎನ್ನುತ್ತೇವೆ. ಕೈ ಮಾಡಬೇಕಾದ ಕ್ರಮದಲ್ಲಿಯೇ ಮಾತೂ ಸಾಗುತ್ತದೆ. ಮುಖ್ಯವಾದ ಕ್ರಿಯೆ ಕೊನೆಗೆ ಬರುವುದರಿಂದ ಕೇಳುವವನು ಕೊನೆಯವರೆಗೆ ಕಾಯಲೇಬೇಕು. ವ್ಯಾಕರಣದ ತರಗತಿಯಲ್ಲಿ ಭೂತನ್ಯೂನವೆಂದು ನಾವು ಆಕಳಿಸುತ್ತ ಬರೆದುಕೊಳ್ಳುವ ರೂಪವೇ ಇಲ್ಲಿ ಒಬ್ಬನ ಪ್ರಾಣವನ್ನು ಕಾಯುತ್ತದೆ.

ಮಿತ್ರರು ಕೆಲವರು ಬೇರೆ ಬಗೆಯ ಆಕ್ಷೇಪಣೆ ಎತ್ತಬಹುದು. ಗಾಂಧೀಜಿಯ ನಾಡಿನಲ್ಲಿ, ಅದರಲ್ಲಿಯೂ ಕಲಾವಿಭಾಗದ ವಿದ್ಯಾರ್ಥಿಗಳು, ಕೊಲ್ಲುವ ಸಾ

ಧನದ ಆರೈಕೆಯನ್ನು ಚಿಂತಿಸುವುದು ಶೋಭೆಯೇ? ಯುದ್ಧವನ್ನು ನಾನೂ ಬಯಸುವವನಲ್ಲ. ಆದರೆ ಬಂದೂಕನ್ನು ಶುಚಿಮಾಡುವ ಪಾಠದ ಮೊದಲ ಅರ್ಧವೆಲ್ಲ ಅದು ತಾನಾಗಿ ಹಾರದಂತೆ ನೋಡಿಕೊಳ್ಳುವುದರ ಪಾಠ. ‘ಗುಂಡಿಲ್ಲವೆಂದುಕೊಂಡಿದ್ದೆ’ ಎಂಬ ಮಾತು ಎಷ್ಟು ಮನೆಗಳ ದೀಪ ಆರಿಸಿದೆ! ನಮ್ಮ ನೆರೆಯ ಕೊಡಗಿನಲ್ಲಿ ಸೆಪ್ಟೆಂಬರ್ ೩ರ ಸುಮಾರಿಗೆ ಕೈಲ್ ಪೊಳ್ದ್ ಹಬ್ಬ. ನಾಟಿಯ ಕೆಲಸ ಮುಗಿಯುವವರೆಗೆ ದೇವರ ಕೋಣೆಯಲ್ಲಿಟ್ಟ ಕೋವಿ ಕತ್ತಿಗಳನ್ನು ಹೊರತೆಗೆದು, ಒರೆಸಿ, ತೋಕ್ ಪೂ ಎಂಬ ಹೂವನ್ನಿಟ್ಟು ಪೂಜಿಸುತ್ತಾರೆ. ನಮ್ಮ ಆಯುಧಪೂಜೆಯ ಹಿಂದಿನ ದಿನವೂ ಮನೆಮನೆಯಲ್ಲಿ ನಡೆಯುವುದು ಒರೆಸುವ ಕೆಲಸವೇ. ಶುಚಿಮಾಡುವುದನ್ನು ನಮ್ಮವರು ಪೂಜೆಯ ಮೊದಲ ಭಾಗವಾಗಿ ಕಂಡರು. ಉಳಿದ ಮುನ್ನೂರ ಅರವತ್ತನಾಲ್ಕು ದಿನಗಳಿಗೆ ಬೇಕಾದುದು ಪುಸ್ತಕ.

ಕಡೆಯದಾಗಿ ಈ ಪ್ರಶ್ನೆ ನನ್ನ ಮನಸ್ಸನ್ನು ಕಾಡಲು ಕಾರಣವಾದುದನ್ನು ಹೇಳುತ್ತೇನೆ. ಅದು ಬಂದೂಕಿಗೆ ಮಾತ್ರ ಸೇರಿದ್ದಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಮ್ಮಪ್ಪ ನಾಲ್ಕನೆಯ ತರಗತಿಯವರೆಗೆ ಓದಿದವರು. ಸಾಲಿನ ಕೆಳಗೆ ಬೆರಳಿಟ್ಟು ಕನ್ನಡ ಪತ್ರಿಕೆಯನ್ನು ಪೂರ್ತಿ ಓದುತ್ತಾರೆ. ಆಲೂಗಡ್ಡೆಗೆ ಔಷಧ ಹೊಡೆಯಲು ಅವರು ಬೆನ್ನಿಗೆ ಹಾಕಿಕೊಳ್ಳುವ ಪೆಟ್ರೋಲ್ ಯಂತ್ರವೊಂದನ್ನು ಕೊಂಡುತಂದರು. ಅದರೊಡನೆ ಬಂದ ಪುಸ್ತಕ ಇಂಗ್ಲಿಷಿನದು. “ಇದ್ರಲ್ಲಿ ಏನ್ ಬರ್ದವ್ರೆ ನೋಡಪ್ಪ, ನೀನ್ ಓದ್ದೋನು” ಎಂದು ನನ್ನ ಕೈಗೆ ಕೊಟ್ಟರು. ಎರಡು ಹೊಡೆತದ ಆ ಎಂಜಿನ್ನಿಗೆ ಪೆಟ್ರೋಲಿನಲ್ಲಿಯೇ ಗೊತ್ತಾದ ಅಳತೆಯ ಎಣ್ಣೆ ಬೆರೆಸಬೇಕು, ಇಲ್ಲವಾದರೆ ಒಳಗೆ ಜಿಡ್ಡಿಲ್ಲದೆ ಪಿಸ್ಟನ್ ಹಿಡಿದುಕೊಳ್ಳುತ್ತದೆ ಎಂದು ಅದರಲ್ಲಿತ್ತು. ಓದಿ ಹೇಳಿದೆ. ಪಕ್ಕದ ಹೊಲದವರ ಮನೆಯಲ್ಲಿ ಓದಿ ಹೇಳುವವರಿರಲಿಲ್ಲ. ಅವರು ಬರಿಯ ಪೆಟ್ರೋಲ್ ಹಾಕಿ ಓಡಿಸಿದರು. ಅವರ ಯಂತ್ರ ಆ ಬೆಳೆ ಮುಗಿಯುವುದನ್ನು ಕಾಣಲಿಲ್ಲ.

ಕೀಟನಾಶಕದ ಡಬ್ಬದೊಳಗಿನ ಚೀಟಿ ಹಿಂದಿ ಇಂಗ್ಲಿಷುಗಳೊಡನೆ ಪ್ರಾದೇಶಿಕ ಭಾಷೆಯಲ್ಲಿಯೂ ಇರಬೇಕೆಂದು ೧೯೭೧ರ ನಿಯಮಗಳೇ ಹೇಳುತ್ತವೆ. ವಿಷಕ್ಕೆ ಇರುವ ಈ ವಿವೇಕ ಯಂತ್ರಕ್ಕೆ ಏಕಿರಬಾರದು? ಅಕ್ಷರ ಬಲ್ಲ ಮನುಷ್ಯನು, ತನ್ನ ದುಡ್ಡಿನಿಂದ ಕೊಂಡ ವಸ್ತುವಿನ ಪುಸ್ತಕದ ಮುಂದೆ ನಿರಕ್ಷರಿಯಾಗಿ ಕೂರಬೇಕಾಗುತ್ತದೆ. ಕುತ್ತಿಗೆ ಬಗ್ಗಿಸಿ ಮಗನನ್ನು ಕೇಳಬೇಕಾಗುತ್ತದೆ. ಮಗನಿಲ್ಲದವನು ಅಂದಾಜಿನಲ್ಲಿ ನಡೆಸಬೇಕಾಗುತ್ತದೆ. ಹೊಲದಲ್ಲಿ ಅಂದಾಜು ತಪ್ಪಿದರೆ ಯಂತ್ರ ಹೋಗುತ್ತದೆ. ಸೈನ್ಯದಲ್ಲಿ ತಪ್ಪಿದರೆ ಮನುಷ್ಯ ಹೋಗುತ್ತಾನೆ. ಕೊರತೆ ಒಂದೇ. ಬಂದೂಕಿನ ಉದಾಹರಣೆಯನ್ನು ನಾನು ಎತ್ತಿಕೊಂಡದ್ದು ಅಲ್ಲಿ ಅದರ ಬೆಲೆ ಎಲ್ಲರ ಕಣ್ಣಿಗೂ ಕಾಣುತ್ತದೆಂಬುದಕ್ಕಾಗಿ.

ಈ ಕೆಲಸ ಎಂಜಿನಿಯರುಗಳದೆಂದು ನಾವು ಕೈತೊಳೆದುಕೊಳ್ಳಬಾರದು. ಯಂತ್ರವನ್ನು ಬಲ್ಲವರು ಅವರು. ವಾಕ್ಯವನ್ನು ಬಲ್ಲವರೆಂದು ಹೇಳಿಕೊಳ್ಳುವವರು ನಾವು. ಬಿ.ಎ. ಓದಿ ಏನು ಪ್ರಯೋಜನವೆಂದು ಊರಿನಲ್ಲಿ ಕೇಳುವವರಿಗೆ ಕೊಡಬಹುದಾದ ಒಳ್ಳೆಯ ಉತ್ತರಗಳಲ್ಲಿ ಇದೊಂದು. ಆದುದರಿಂದ ಮೂರು ಸಲಹೆಗಳನ್ನು ಮುಂದಿಡುತ್ತೇನೆ. ನಮ್ಮ ಕನ್ನಡ ವಿಭಾಗವೂ ಎನ್.ಸಿ.ಸಿ. ಘಟಕವೂ ಕೂಡಿ, ಮೇಲಧಿಕಾರಿಗಳ ಅನುಮತಿ ಪಡೆದು, ಕೆಡೆಟ್ಟುಗಳಿಗೆ ಕಲಿಸುವ ರೈಫಲ್ಲಿನ ಎಚ್ಚರಿಕೆ ಮತ್ತು ಶುಚಿಯ ಪಾಠವನ್ನು ಹದಿನಾರು ಪುಟಗಳ ಕನ್ನಡ ಪುಸ್ತಿಕೆಯಾಗಿ ಮಾಡಲಿ. ಆಜ್ಞಾಪದಗಳು ಹಿಂದಿಯಲ್ಲಿಯೇ ಇರಲಿ, ಕಾರಣಗಳು ಕನ್ನಡದಲ್ಲಿರಲಿ. ಎರಡನೆಯದಾಗಿ, ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಪ್ರಬಂಧ ಬರೆಯುವಂತೆಯೇ ವರ್ಷಕ್ಕೊಂದು ಸೂಚನಾಪತ್ರವನ್ನು, ಪಂಪುಸೆಟ್ಟಿನದೋ ಸ್ಪ್ರೇಯರಿನದೋ, ಬರೆಯಲಿ. ಅದನ್ನು ಪರೀಕ್ಷಿಸುವವರು ಅಧ್ಯಾಪಕರೊಬ್ಬರು, ಆ ಯಂತ್ರವನ್ನು ಬಳಸುವ ರೈತರೊಬ್ಬರು. ರೈತರಿಗೆ ಅರ್ಥವಾಗದಿದ್ದರೆ ಅಂಕವಿಲ್ಲ. ಮೂರನೆಯದಾಗಿ, ಮುಂದಿನ ವರ್ಷದ ಈ ಸಂಚಿಕೆಯಲ್ಲಿ ಕವಿತೆಗಳ ನಡುವೆ ಅಂಥ ಬರಹಕ್ಕೆ ನಾಲ್ಕು ಪುಟಗಳನ್ನು ಸಂಪಾದಕ ಸಮಿತಿಯವರು ಮೀಸಲಿಡಲಿ.

ನಾನು ಈ ವರ್ಷ ಕಾಲೇಜನ್ನು ಬಿಡುವವನು. ಆ ನಾಲ್ಕು ಪುಟಗಳನ್ನು ತುಂಬಬೇಕಾದವರು ಹಿಂದೆ ಬರುತ್ತಿರುವ ಕಿರಿಯ ಮಿತ್ರರು. ಅವರು ಬರೆದದ್ದನ್ನು ಅಚ್ಚಿಗೆ ಕೊಡುವ ಮೊದಲು ಹಳ್ಳಿಗೆ ಒಯ್ದು, ಬೆರಳಿಟ್ಟು ಓದುವ ಒಬ್ಬರ ಕೈಗೆ ಕೊಟ್ಟು, ಅವರು ಎಲ್ಲಿ ತಡೆದು ನಿಲ್ಲುತ್ತಾರೋ ಅಲ್ಲಿ ಗುರುತು ಹಾಕಿಕೊಂಡು ಬರಲಿ. ತಿದ್ದಬೇಕಾದ ಸ್ಥಳ ಅದೇ.